ಮುತ್ತಮ್ಮ ಹೊಡೆಯುವ ಕಂಬಿ

ಸಿನಿಮಾ ಸಂಗೀತ ನಿರ್ದೇಶಕ ಕಳಸ ವೆಂಕಟರಾಮ ಅವರ ಬಗ್ಗೆ ನಿಮಗೆ ಗೊತ್ತಿಲ್ಲದ ಸಂಗತಿ ಇನ್ನೇನಾದರೂ ಉಳಿದಿದೆಯೇ? ರಾಗ ಹೊಳೆಯದಿದ್ದರೆ ಹಲಸಿನ ಹಪ್ಪಳ ಕೇಳುತ್ತಾರಂತೆ. ಮೊದಲ ಸಿನಿಮಾದ ಮುಹೂರ್ತಕ್ಕೆ ಯಾರದೋ ಕೋಟು ಹಾಕಿಕೊಂಡು ಹೋಗಿದ್ದರಂತೆ. ಮೊಬೈಲು ಒತ್ತಿದರೆ ಇಂಥವು ಬುಳುಬುಳು ಉದುರುತ್ತವೆ. ಆ ಕೋಟಿನ ಗುಂಡಿಯ ಬಣ್ಣವನ್ನೂ ಹೇಳುವ ಪುಣ್ಯಾತ್ಮರಿದ್ದಾರೆ. ಸಿನಿಮಾಕ್ಕೆ ಹೋಗುವ ಮೊದಲು ಅವರು ಕೊಟ್ಟಿಗೆಹಾರದ ಹತ್ತಿರದ ಕೆಳಹಳ್ಳ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್ ಆಗಿದ್ದರು ಅನ್ನೋದೂ ಎಲ್ಲರಿಗೂ ಗೊತ್ತು. ಆ ಎಸ್ಟೇಟಿನಲ್ಲಿ ಈಗ ಯಾರು ಬದುಕುತ್ತಿದ್ದಾರೆ, ಹೇಗೆ ಬದುಕುತ್ತಿದ್ದಾರೆ ಅನ್ನೋದು ಮಾತ್ರ ಯಾರಿಗೂ ಬೇಡ.

ಅಲ್ಲಿ ಮುತ್ತಮ್ಮ ಇದ್ದಾಳೆ. ಕಾಫಿ ಒಣಗಿಸುವ ಕಣದ ಪಕ್ಕ ಒಂದು ಹಲಸಿನ ಮರ, ಅದರ ಕೊಂಬೆಗೆ ಸರಪಳಿಯಲ್ಲಿ ನೇತುಬಿಟ್ಟ ರೈಲು ಕಂಬಿಯ ತುಂಡು. ರೈಲೇ ಇಲ್ಲದ ಗುಡ್ಡಕ್ಕೆ ಅದನ್ನು ಯಾವ ಕಾಲದಲ್ಲಿ ಯಾರು ಹೊತ್ತು ತಂದರೋ. ಬೆಳಿಗ್ಗೆ ಮುತ್ತಮ್ಮ ಸಲಾಕೆಯಿಂದ ಅದನ್ನು ಬಾರಿಸಿದರೆ ಆಳುಗಳು ಹಾಜರಿಗೆ ಬರಬೇಕು. ಮಧ್ಯಾಹ್ನ ಬಾರಿಸಿದರೆ ಬುತ್ತಿ ಬಿಚ್ಚಬೇಕು. ಸಂಜೆಯ ಹೊಡೆತ ಬೇರೆ ಥರ. ನಿಧಾನಕ್ಕೆ ಶುರುವಾಗಿ, ಬಿಸಿಯೇರಿ, ಕೊನೆಗೆ ಗಣಗಣ ಗಣಗಣ ಅಂತ ಗುಡ್ಡದ ಮೇಲೆಲ್ಲ ಉರುಳುತ್ತದೆ. ಅದು ಕೇಳಿಸಿತೋ, ಎತ್ತಿದ ಕತ್ತಿ ಗಿಡಕ್ಕೆ ಇಳಿಯುವುದಿಲ್ಲ, ಹೆಗಲಿಗೆ ಏರುತ್ತದೆ. ಆಮೇಲೆ ಸಾಹುಕಾರರೇ ಬಂದು ಕೈ ಮುಗಿದರೂ ಒಂದು ಚಿಗುರು ಮುರಿಯುವವರಿಲ್ಲ. ಇದು ಕಾಗದದಲ್ಲಿ ಬರೆದ ಕಾನೂನಲ್ಲ. ಬರೆದಿದ್ದರೆ ಎಂದೋ ತಿದ್ದಿಬಿಡುತ್ತಿದ್ದರು.

ಮೊದಲು ಕಂಬಿ ಹೊಡೆಯುತ್ತಿದ್ದವನು ಅವಳ ಗಂಡ ಕೃಷ್ಣಪ್ಪ ಮೇಸ್ತ್ರಿ. ಅವನು ತೀರಿಹೋದ ಮೇಲೆ ಮುತ್ತಮ್ಮ ಯಾರನ್ನೂ ಕೇಳದೆ ಸಲಾಕೆ ಕೈಗೆತ್ತಿಕೊಂಡಳು. ಬೇಡ ಅನ್ನುವ ಧೈರ್ಯ ಯಾರಿಗೂ ಬರಲಿಲ್ಲ, ಅವಳ ಬಾಯಿ ಅಂಥದ್ದು. ದೇವತೆ ಅಂತ ತಿಳಿಯಬೇಡಿ. ಸುಳ್ಳೂ ಚೆನ್ನಾಗಿ ಹೇಳುತ್ತಾಳೆ. ವೆಂಕಟರಾಮ ನಮ್ಮವ್ವನ ಕೈಯ ಅಕ್ಕಿರೊಟ್ಟಿ ತಿಂದೇ ಅಷ್ಟು ದೊಡ್ಡವರಾದದ್ದು ಅಂತ ಕೊಟ್ಟಿಗೆಹಾರದ ಹೋಟೆಲಿನಲ್ಲಿ ಕೂತು ಟೂರಿಸ್ಟುಗಳಿಗೆ ಹೇಳಿ ಪುಕ್ಕಟೆ ಚಾ ಕುಡಿದವಳು. ಅವರು ರೈಟರ್ ಆಗಿದ್ದಾಗ ಅವಳಿನ್ನೂ ಮೂಗು ಸೋರುವ ಹುಡುಗಿ. ಅವಳ ಹೆಸರಾದರೂ ಅವರಿಗೆ ಗೊತ್ತಿತ್ತೋ ಇಲ್ಲವೋ.

ಈ ಸಲ ಮಳೆ ಹಿಂದೆಗೆದ ಹೊತ್ತಿಗೆ ಟಿವಿಯವರು ಬಂದರು. ಸುಪ್ರಿಯಾ ಅನ್ನುವ ಚುರುಕು ಹುಡುಗಿ, ವೆಂಕಟರಾಮರ ಬದುಕಿನ ಯಾರೂ ಕೇಳದ ಸಂಗತಿಗಳ ಕಾರ್ಯಕ್ರಮ ಮಾಡುವವಳು. ಅವರನ್ನೇ ಹಳೇ ಎಸ್ಟೇಟಿಗೆ ಕರೆತಂದು ಚಿತ್ರ ತೆಗೆಯಬೇಕು ಅಂದಳು. ಎಸ್ಟೇಟಿನ ವಿಶ್ವನಾಥ್ ಸಾಹುಕಾರರು ಉಬ್ಬಿಹೋದರು. ಅಭಿಮಾನಿಗಳು ಬೆಂಗಳೂರಿನಲ್ಲಿ ವೆಂಕಟರಾಮರ ಹೆಸರಿನಲ್ಲಿ ಕಟ್ಟುತ್ತಿದ್ದ ಸಂಗೀತ ಭವನಕ್ಕೆ ಆ ಕಂಬಿಯನ್ನೇ ಕಾಣಿಕೆ ಕೊಡುವುದಾಗಿ ಹೇಳಿಬಿಟ್ಟರು. ಸಾಲದ್ದಕ್ಕೆ ಕಂಬಿ ಇಳಿಸಿ ಬಂಗಾರದ ಬಣ್ಣ ಬಳಿಸಿದರು!

ಬಣ್ಣ ಒಣಗುವ ಆ ನಾಲ್ಕಾರು ದಿನ ಕೆಲಸ ಬಿಡುವ ಹೊತ್ತನ್ನು ತಾನೇ ಈಗಿನ ಮೇಸ್ತ್ರಿಗೆ ಫೋನ್ ಮಾಡಿ ಹೇಳುತ್ತೇನೆ ಅಂದರು ಸಾಹುಕಾರರು. ಇನ್ನು ಮುಂದೆಯೂ ಹಾಗೇ ಅಂದರು. ಮೊದಲ ದಿನ ಫೋನು ತಡವಾಗಿ ಬಂತು. ಮರುದಿನ ಇನ್ನೂ ತಡ. ಕೇಳಿದರೆ, ನೆಟ್‌ವರ್ಕ್ ಇರಲಿಲ್ಲ ಅಂದರು. ಕಾಫಿ ಗಿಡದ ಬೇಡದ ಚಿಗುರು ತೆಗೆಯುವ ಹೆಂಗಸರು ಕತ್ತಲಲ್ಲಿ ಬ್ಯಾಟರಿ ಹಿಡಿದು, ಆನೆ ಓಡಾಡುವ ದಾರಿಯಲ್ಲಿ, ಒಬ್ಬರ ಸೆರಗು ಒಬ್ಬರು ಹಿಡಿದು ಆಳುಗಳ ಸಾಲುಮನೆಗೆ, ಅಂದರೆ ಲೈನ್ ಮನೆಗೆ ಬಂದರು. ಒಂದು ಸಂಜೆ ದಾರಿಯ ಮಧ್ಯದಲ್ಲೇ ಲದ್ದಿ ಬಿದ್ದಿತ್ತು, ಇನ್ನೂ ಹಬೆಯಾಡುತ್ತಿತ್ತು. ಕಂಬಿ ಹೋದರೆ ದಿನಾ ಇದೇ ಗತಿ ಅಂತ ಮುತ್ತಮ್ಮನಿಗೆ ಅವತ್ತೇ ಖಾತ್ರಿಯಾಯಿತು. ಸಾಹುಕಾರರನ್ನು ಕೇಳಿ ಪ್ರಯೋಜನವಿಲ್ಲ. ಕಾಣಿಕೆ ತಗೊಳ್ಳುವ ವೆಂಕಟರಾಮರನ್ನೇ ಕೇಳಬೇಕು, ಬೇಡ ಅನ್ನಿ ಅಂತ.

ಶೂಟಿಂಗಿನ ದಿನ ಎಸ್ಟೇಟಿಗೆ ಎಸ್ಟೇಟೇ ಕುಣಿಯುತ್ತಿತ್ತು. ಗೋಣಿಬೀಡಿನಿಂದ ಹೂವಿನ ಹಾರ ಬಂತು. ಹೊಳೆಯುವ ಕಂಬಿ ಚಿತ್ರಕ್ಕಾಗಿ ಮತ್ತೆ ಹಲಸಿನ ಕೊಂಬೆಗೆ ಏರಿತು, ಚಿತ್ರ ಮುಗಿದ ಮೇಲೆ ಅದನ್ನು ಹೇರಿಕೊಳ್ಳಲು ಜೀಪೂ ಪಕ್ಕದಲ್ಲೇ ನಿಂತಿತ್ತು. ಆಳುಗಳನ್ನು ಮಾತ್ರ ಗದ್ದಲ ಬೇಡ ಅಂತ ಮೇಲಿನ ಗುಡ್ಡಕ್ಕೆ ಅಟ್ಟಿದ್ದರು. ಮುತ್ತಮ್ಮ ನೀಲಿ ಸೀರೆ ಉಟ್ಟು, ಹೇಳಬೇಕಾದ ಮಾತನ್ನು ಬಾಯೊಳಗೇ ಉರುಹೊಡೆಯುತ್ತ ಕಣದ ಮೂಲೆಯಲ್ಲಿ ನಿಂತಿದ್ದಳು.

ಬಿಸಿಲು ಇನ್ನೂ ನೆತ್ತಿಯಿಂದ ಪೂರ್ತಿ ಇಳಿದಿರಲಿಲ್ಲ. ವೆಂಕಟರಾಮ ಕಾರಿನಿಂದ ಇಳಿದರು. ಬಿಳೀ ಜುಬ್ಬ, ಬೆತ್ತ, ತೆಳ್ಳಗಿನ ಮುದುಕ. ಎಲ್ಲರೂ ಗುರುಗಳೇ, ಗುರುಗಳೇ ಅಂತ ಸುತ್ತುತ್ತಿದ್ದಾಗ ಮುತ್ತಮ್ಮ ಹಿಂದಿನಿಂದ 'ರೈಟರ್ರೇ' ಅಂದಳು. ಅವರು ಗಕ್ಕನೆ ತಿರುಗಿದರು. ಅಷ್ಟರಲ್ಲಿ ಸುಪ್ರಿಯಾ ಬಂದು, ಅಮ್ಮಾ, ಕ್ಯಾಮೆರಾಕ್ಕೆ ಅಡ್ಡ ಬರ್ತಿದ್ದೀರಿ ಅಂತ ಅವಳ ತೋಳು ಹಿಡಿದು ಜೀಪಿನ ಹಿಂದಕ್ಕೆ ಸಾಗಿಸಿದಳು. ಉರುಹೊಡೆದ ಮಾತು ಬಾಯಲ್ಲೇ ಉಳಿಯಿತು.

ಸಲಾಕೆ ವೆಂಕಟರಾಮರ ಕೈಗೆ ಕೊಟ್ಟರು. ಅವರು ಮೆಲ್ಲಗೆ ಒಂದು ಹೊಡೆದರು. ಸಾಲದು, ಇನ್ನೊಂಚೂರು ಜೋರಾಗಿ ಅಂದಳು ಸುಪ್ರಿಯಾ. ಅವರು ಬೆತ್ತವನ್ನು ಮರಕ್ಕೆ ಒರಗಿಸಿದರು. ಮತ್ತೆ ಹೊಡೆದರು. ಮತ್ತೆ. ಮೈಯೊಳಗೆ ಏನು ಹೊಕ್ಕಿತೋ, ಮುದುಕ ಕೈ ಬೀಸಿದ ರಭಸ ನೋಡಬೇಕಿತ್ತು! ಹೊಡೆತ ಬಿಸಿಯೇರಿತು, ಹತ್ತಿರವಾಯಿತು, ಒಂದರ ಬೆನ್ನಿಗೊಂದು ಬಿದ್ದು ಗಣಗಣ ಗಣಗಣ ಅಂತ ಗುಡ್ಡದ ಮೇಲೆ ಉರುಳಿತು. ಬಂಗಾರದ ಬಣ್ಣ ಚಕ್ಕೆಚಕ್ಕೆಯಾಗಿ ಅವರ ಜುಬ್ಬದ ಮೇಲೆ ಉದುರಿತು.

ಸುಪ್ರಿಯಾ ಚಪ್ಪಾಳೆ ತಟ್ಟಿದಳು. ಸಾಹುಕಾರರೂ ತಟ್ಟಿದರು. ಆಮೇಲೆ ಗುಡ್ಡದ ಕಡೆ ನೋಡಿದವರ ಕೈ ಅಲ್ಲೇ ನಿಂತಿತು.

ಕಾಫಿ ಗಿಡಗಳ ಸಾಲು ಸಾಲಿನಿಂದ ಆಳುಗಳು ಇಳಿದು ಬರುತ್ತಿದ್ದರು. ಕತ್ತಿ ಹೆಗಲ ಮೇಲೆ, ಬುತ್ತಿಯ ಚೀಲ ಕೈಯಲ್ಲಿ. ಕಣದ ತುಂಬ ಜನ ತುಂಬಿದರು. ಇದು ಶೂಟಿಂಗ್ ಕಣ್ರೋ, ವಾಪಸ್ ಹೋಗಿ ಅಂತ ಸಾಹುಕಾರರು ಕೂಗಿಕೊಂಡರು. ಒಬ್ಬರೂ ಅಲ್ಲಾಡಲಿಲ್ಲ. ಮುಂದೆ ನಿಂತಿದ್ದ ಅರುಣಾ, ಕೆಲಸಗಾರರಲ್ಲೇ ಹರಿತ ನಾಲಗೆಯ ಹೆಣ್ಣು, ತಣ್ಣಗೆ ಹೇಳಿದಳು:

"ನಿಮ್ ಫೋನಿಗೆ ಇವತ್ತು ಬೇಗ ನೆಟ್‌ವರ್ಕ್ ಸಿಕ್ತೇನೋ ಅಂದ್ಕೊಂಡ್ವಿ ಸಾಹುಕಾರ್ರೇ."

ಜನ ಕಿಸಕ್ಕನೆ ನಕ್ಕರು. ಸಾಹುಕಾರರ ಮುಖ ಕೆಂಪೇರಿತು. ಮುತ್ತಮ್ಮನ ಕಡೆ ತಿರುಗಿ, ನೀನಾದ್ರೂ ಹೇಳು ಮಾರಾಯ್ತಿ ಅಂದರು. ಅವಳು ಜೀಪಿನ ಹಿಂದಿನಿಂದ ಬಂದು ಮರದ ಕೆಳಗೆ ನಿಂತಳು.

"ಏನ್ ಹೇಳ್ಲಿ? ಸಂಜೆ ಹೊಡ್ತ ಬಿತ್ತು. ಯಾರ್ ಹೊಡೆದ್ರು, ಯಾಕ್ ಹೊಡೆದ್ರು ಅಂತ ಕೇಳೋ ಪದ್ಧತಿ ನಿಮ್ ಅಪ್ಪಾರ ಕಾಲದಲ್ಲೂ ಇರ್ಲಿಲ್ಲ."

ವೆಂಕಟರಾಮರಿಗೆ ಆಗ ಹೊಳೆಯಿತು ತಾನು ಏನು ಮಾಡಿಟ್ಟೆ ಅಂತ. ಕ್ಷಮೆ ಕೇಳುತ್ತಾರೇನೋ ಅಂದುಕೊಂಡರೆ, ಕಣದ ಕಟ್ಟೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ ಯಾವ ಮೊಬೈಲಿನಲ್ಲೂ ಇಲ್ಲದ ಸಂಗತಿ ಹೇಳಿದರು. ಸಂಗೀತದ ಹುಚ್ಚಿಗೆ ಕೆಲಸ ಬಿಟ್ಟರು ಅಂತ ಜನ ಹೇಳೋದು ಶುದ್ಧ ಸುಳ್ಳು. ಒಂದು ಆಷಾಢದಲ್ಲಿ ಗಾಳಿಗೆ ನೆರಳಿನ ಸಿಲ್ವರ್ ಮರಗಳು ಮುರಿದು ಬೀಳುತ್ತಿದ್ದಾಗ, ತೋಟದೊಳಗೆ ಜನ ಇದ್ದಾರಲ್ಲ ಅಂತ ಹೆದರಿ, ಮಟಮಟ ಮಧ್ಯಾಹ್ನ ಸಂಜೆಯ ಹೊಡೆತ ಹೊಡೆದಿದ್ದರು. ಆಗಿನ ಮ್ಯಾನೇಜರ್ ಅವತ್ತೇ ಅವರ ಪೆಟ್ಟಿಗೆ ಹೊರಗಿಡಿಸಿದ. ಬೇರೆ ದಾರಿ ಕಾಣದೆ ಬಸ್ಸು ಹತ್ತಿದ್ದು.

ಸುಪ್ರಿಯಾ ಕ್ಯಾಮೆರಾದವನಿಗೆ ನಿಲ್ಲಿಸು ಅಂತ ಸನ್ನೆ ಮಾಡಿದ್ದಳು. ಕೆಲಸದಿಂದ ಓಡಿಸಿದರು ಅಂದರೆ ಅಭಿಮಾನಿಗಳಿಗೆ ಬೇಜಾರಾಗುತ್ತದಂತೆ! ಯಾರೂ ಕೇಳದ ಸಂಗತಿ ಹುಡುಕಿಕೊಂಡು ಬಂದವರಿಗೆ ನಿಜವಾಗಿ ಒಂದು ಸಿಕ್ಕಾಗ ಕಿವಿ ಕೇಳಿಸುವುದಿಲ್ಲ. ಕಾರ್ಯಕ್ರಮದಲ್ಲಿ ಅದು ಬರಲೇ ಇಲ್ಲ.

ಆದರೆ ಮುತ್ತಮ್ಮನಿಗೆ ಕೇಳಿಸಿತ್ತು. ಉರುಹೊಡೆದದ್ದೆಲ್ಲ ಮರೆತು ಅವಳು ಅವರೆದುರು ಕುಕ್ಕುರುಗಾಲಲ್ಲಿ ಕೂತಳು.

"ಇದನ್ನ ಬೆಂಗ್ಳೂರಿಗೆ ಒಯ್ದು ಏನ್ ಮಾಡ್ತೀರಿ ರೈಟರ್ರೇ?"

"ಗಾಜಿನ ಪೆಟ್ಟಿಗೇಲಿ ಇಡ್ತಾರಂತೆ ಮುತ್ತಮ್ಮ."

"ಅಲ್ಲಿ ಹೊಡೆಯೋರ್ಯಾರು?"

"ಯಾರೂ ಇಲ್ಲ."

"ಹಂಗಾದ್ರೆ ಬಿಟ್ಟೋಗಿ. ಇದಿಲ್ಲದ ದಿನ ನಾವು ಕತ್ಲಲ್ಲಿ ಆನೆ ಹಿಂದೆ ನಡ್ಕೊಂಡು ಮನೆಗೆ ಬಂದ್ವಿ."

ವೆಂಕಟರಾಮ ಸಾಹುಕಾರರ ಕಡೆ ನೋಡಿದರು. ಸಾಹುಕಾರರು ನೆಲ ನೋಡುತ್ತಿದ್ದರು. ಕಾಣಿಕೆ ಮುಟ್ಟಿತು ಅಂತಲೇ ತಿಳಕೊಳ್ಳಿ ವಿಶ್ವನಾಥ್, ಅದು ಇಲ್ಲೇ ಇರಲಿ ಅಂದರು ಅವರು. ಅಷ್ಟು ಜನರೆದುರು ಸಾಹುಕಾರರು ಇನ್ನೇನು ಹೇಳಿಯಾರು? ಆಯ್ತು ಗುರುಗಳೇ ಅಂದರು. ಜೀಪು ಖಾಲಿಯಾಗಿಯೇ ಹೋಯಿತು.

ಅವತ್ತು ಮಧ್ಯಾಹ್ನ ಕೆಳಹಳ್ಳದ ಹೆಂಗಸರು ಭಾನುವಾರವಲ್ಲದ ದಿನ ತಮ್ಮ ಮನೆಯಂಗಳದ ಬಿಸಿಲನ್ನು ಕಂಡರು. ಯಾರಿಗೂ ಏನು ಮಾಡಬೇಕು ಅಂತಲೇ ತೋಚಲಿಲ್ಲ. ಒಬ್ಬಳು ಕಂಬಳಿ ಒಣಹಾಕಿದಳು. ಇಬ್ಬರು ಕೊಟ್ಟಿಗೆಹಾರಕ್ಕೆ ಬಳೆ ತೊಡಿಸಿಕೊಳ್ಳಲು ಹೊರಟರು. ಅರುಣಾ ನೀರು ಕಾಯಿಸಿ ತಲೆಗೆ ಸ್ನಾನ ಮಾಡಿ, ಲೈನಿನ ಜಗಲಿಯಲ್ಲಿ ಒದ್ದೆ ಕೂದಲು ಹರವಿಕೊಂಡು, ಕಾಲು ಚಾಚಿ, ಹಾಡುಹಗಲಲ್ಲಿ ಗೊರಕೆ ಹೊಡೆಯತೊಡಗಿದಳು. ಮುತ್ತಮ್ಮ ಪಕ್ಕದಲ್ಲಿ ಕೂತು, ರೈಟರು ತನ್ನನ್ನು ಹೆಸರು ಹಿಡಿದು ಕರೆದದ್ದನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ಈ ಸಲ ಸುಳ್ಳು ಸೇರಿಸುವ ಅಗತ್ಯವೇ ಅವಳಿಗೆ ಬೀಳಲಿಲ್ಲ.