ಕದ ಮುಚ್ಚಿಸುವ ಕುಬ್ರಾಬಿ

ಬಳ್ಳಾರಿಯ ಚಳಿಗೆ ಹೆದರುವವರನ್ನು ಕಂಡರೆ ನನಗೆ ನಗು ಬರುತ್ತದೆ. ಪುಷ್ಯ ಮಾಸದಲ್ಲಿ ನಾಲ್ಕು ಬೆಳಗು ಮೈ ನಡುಗಿದರೆ ಅದನ್ನೇ ಚಳಿಗಾಲ ಎಂದು ಕರೆದು ಖುಷಿಪಡುವ ಜನ ನಾವು. ಆದರೆ ಅದಿರಿನ ದುಡ್ಡು ಹರಿದ ಆ ವರ್ಷಗಳಲ್ಲಿ ನಮ್ಮೂರಿಗೂ ಕತ್ತಲೆಯ ಚಳಿಗಾಲ ಬಂತು. ದೇವರು ಕಳಿಸಿದ್ದಲ್ಲ, ಕೆಲವರು ಕಾಸು ಕೊಟ್ಟು ತಂದು ಮನೆಯೊಳಗೆ ಇಟ್ಟುಕೊಂಡದ್ದು. ಕೆಂಧೂಳು ಒಳಗೆ ಬರಬಾರದೆಂದು ತೆಗೆಯಲು ಬಾರದ ಗಾಜಿನ ಕಿಟಕಿ, ಅದಕ್ಕೆ ದಪ್ಪ ಪರದೆ, ಹಾಡಹಗಲಲ್ಲಿ ಟ್ಯೂಬ್‌ಲೈಟು. ಧೂಳೆಬ್ಬಿಸಿದವರೇ ಧೂಳಿಗೆ ಹೆದರಿ ಅವಿತು ಕೂತರು.

ಕುಬ್ರಾಬಿ ನಮ್ಮ ಸತ್ಯನಾರಾಯಣಪೇಟೆಯ ಓಣಿಯವಳು, ಪಿಂಜಾರರ ಹೆಂಗಸು. ಬಾಣಂತಿಗೂ ಕೂಸಿಗೂ ಎಣ್ಣೆ ತಿಕ್ಕಿ ನೀರು ಹಾಕುವುದು ಅವಳ ಕೆಲಸ. ಕುರುಗೋಡಿನಲ್ಲಿ ತಾಯಿಯಿಂದ ಕಲಿತು ಬಂದವಳು, ನಲವತ್ತು ವರ್ಷ ಯಾರ ಜಾತಿಯನ್ನೂ ಕೇಳದೆ ಓಣಿಯ ಕೂಸುಗಳನ್ನೆಲ್ಲ ಕಾಲ ಮೇಲೆ ಮಲಗಿಸಿಕೊಂಡು ಎರೆದಳು. ಅವಳ ಕೈಗುಣ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ಹೊಸ್ತಿಲು ದಾಟುತ್ತಲೇ ಕದ ಹಾಕಿಸುವಳು, ಕಿಟಕಿಗೆ ಕಂಬಳಿ ಕಟ್ಟಿಸುವಳು. ಬಾಣಂತಿಯ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮಂಚದ ಕೆಳಗೆ ಕೆಂಡ, ಕೋಣೆ ತುಂಬ ಅಜವಾನದ ಹೊಗೆ. ಚಳಿಗಾಲದ ಹೆರಿಗೆಯಾದರಂತೂ ನಲವತ್ತು ದಿನ ಗಾಳಿ, ಬೆಳಕು ಎರಡೂ ಹರಾಮು. ಕೆಮ್ಮಿದರೆ, "ನಿಮ್ಮವ್ವ ಕೆಮ್ಮಿದ್ದಿಲ್ಲೇನು?" ಎಂದು ಗದರುವಳು. ನಾನು ಸಾಲಿ ಟೀಚರು, ನಾಲ್ಕು ಅಕ್ಷರ ಓದಿದವಳು. ನನ್ನ ಎರಡು ಬಾಣಂತನದಲ್ಲೂ ಬಾಯಿ ಮುಚ್ಚಿಕೊಂಡು ಕೆಮ್ಮಿದ್ದೇನೆ.

ಇಂಥವಳಿಗೆ ಎರ್ರೆಪ್ಪನ ಮನೆಯಿಂದ ಕರೆ ಬಂತು. ಎರ್ರೆಪ್ಪ ಮೊದಲು ನಮ್ಮ ಓಣಿಯಲ್ಲೇ ಇದ್ದವನು. ಒಂದು ಹಳೇ ಲಾರಿ ಇಟ್ಟುಕೊಂಡಿದ್ದ. ಆಮೇಲೆ ಅದಿರು ಹೊರುವ ಲಾರಿಗಳಾದವು, ಊರ ಹೊರಗೆ ಮೂರಂತಸ್ತಿನ ಮನೆಯಾಯಿತು. ಅವನ ಹೆಂಡತಿ ಕೊಟ್ರಮ್ಮ ನಮ್ಮನ್ನು ಕಂಡರೆ ಕಾರಿನ ಗಾಜು ಏರಿಸುವಷ್ಟು ದೊಡ್ಡವಳಾದಳು. ಅವರ ಮಗ ರಾಮಾಂಜಿನಿಯ ಹೆಂಡತಿ ಪಂಪಾವತಿ ಸಿರುಗುಪ್ಪದವಳು. ಸಂಬಂಧ ಬೆಳೆಸುವಾಗ ಇವರಿಗೂ ಒಂದೇ ಲಾರಿ, ಆದ್ದರಿಂದ ಬೀಗಿತಿ ಸುಂಕಮ್ಮ ಅಕ್ಕಿ ಮಿಲ್ಲಿನ ಕಣದಲ್ಲಿ ನೆಲ್ಲು ಒಣಗಿಸುವವಳು ಎಂಬುದು ಯಾರ ಕಣ್ಣಿಗೂ ಚುಚ್ಚಿರಲಿಲ್ಲ. ಈಗ ಚುಚ್ಚಿತು. ಚೊಚ್ಚಲ ಬಾಣಂತನ ತವರಿನಲ್ಲಿ ಎಂಬುದು ನಮ್ಮಲ್ಲಿ ಕಡುಬಡವರೂ ಬಿಡದ ಪದ್ಧತಿ. ಕೊಟ್ರಮ್ಮ ಬಿಟ್ಟಳು. ಸಿರುಗುಪ್ಪದಲ್ಲಿ ಕಾಲುವೆಯ ಸೊಳ್ಳೆಯಂತೆ, ಮಿಲ್ಲಿನ ತೌಡಿನ ಧೂಳಂತೆ! ಅದಿರಿನ ಧೂಳಿನಲ್ಲಿ ಮನೆ ಕಟ್ಟಿದವಳಿಗೆ ತೌಡಿನ ಧೂಳು ಕೀಳಾಯಿತು.

ಪುಷ್ಯದ ಚಳಿಯಲ್ಲೇ ಗಂಡುಕೂಸು ಹುಟ್ಟಿತು. ಎರ್ರೆಪ್ಪ ಪೆಟ್ಟಿಗೆಗಟ್ಟಲೆ ಪೇಡಾ ಹಂಚಿದ. ಪಂಪಾವತಿಯನ್ನು ಎರಡನೇ ಅಂತಸ್ತಿನ ಕೋಣೆಯಲ್ಲಿಟ್ಟರು. ಕುಬ್ರಾಬಿಗೆ ಆ ಕೋಣೆ ಕಂಡು ಎಂಥ ಸಂತೋಷ! ಗಾಳಿ ನುಸುಳಲು ಸೂಜಿಮೊನೆಯಷ್ಟೂ ಸಂದಿಲ್ಲ. ನಮ್ಮ ಓಣಿಗೆ ಬಂದು ಹೊಗಳಿದ್ದೇ ಹೊಗಳಿದ್ದು. "ಮನಿ ಅಂದ್ರ ಅದು ನೋಡ್ರಿ ಟೀಚರಮ್ಮಾ. ಕಂಬಳಿ ಕಟ್ಟೋ ಕೆಲಸನ ಇಲ್ಲ."

ಹದಿನೈದು ದಿನಕ್ಕೆ ಹುಡುಗಿ ಊಟ ಬಿಟ್ಟಳು. ಗೋಡೆಗೆ ಮುಖ ಹಾಕಿ ಮಲಗುವಳು. ಕೂಸನ್ನು ಮಗ್ಗುಲಿಗಿಟ್ಟರೆ ಯಾರದೋ ಗಂಟು ಎಂಬಂತೆ ನೋಡುವಳು. ಹತ್ತಿರದ ಡಾಕ್ಟರಮ್ಮ ಬಂದು ನೋಡಿ, "ಇದು ಮನಸ್ಸಿಗೆ ಬಂದ ಕಾಯಿಲೆ, ಹಗುರ ಮಾಡಬೇಡಿ. ಪರದೆ ಸರಿಸಿ, ಬಿಸಿಲಿಗೆ ಕೂಡಿಸಿ, ತಾಯಿ ಹತ್ತಿರ ಕಳಿಸಿ. ವಾರಕ್ಕೊಮ್ಮೆ ನನಗೆ ತೋರಿಸಿ" ಎಂದಳು. ಫೀಸು ಐವತ್ತೇ ರೂಪಾಯಿ. ಅಷ್ಟು ಅಗ್ಗದ ಬುದ್ಧಿಯನ್ನು ಶ್ರೀಮಂತರು ನಂಬುತ್ತಾರೆಯೇ? ಬೆಂಗಳೂರಿನಿಂದ ಟಾನಿಕ್ಕು ಬಂತು, ವಾಸ್ತುವಿನವನು ಬಂದು ಮಂಚದ ದಿಕ್ಕು ತಿರುಗಿಸಿದ. ರಾಮಾಂಜಿನಿ ಇನ್ನೂ ಮುಂದೆ ಹೋದ. ಹೆಂಡತಿ ಖುಷಿಯಾಗಿರಲೆಂದು ಸೂರ್ಯೋದಯದ ದೊಡ್ಡ ಚಿತ್ರ ತಂದು, ಅದರ ಹಿಂದೆ ಬಲ್ಬು ಹಾಕಿಸಿ, ಗೋಡೆಗೆ ತೂಗುಹಾಕಿದ. ಪರದೆಯ ಆಚೆ ಅಸಲಿ ಸೂರ್ಯ ಪುಕ್ಕಟೆ ಬಿದ್ದಿದ್ದ. ಮೂರ್ಖತನಕ್ಕೂ ಒಂದು ಮಿತಿ ಬೇಡವೇ?

ಕುಬ್ರಾಬಿಯೇನು ಕಡಿಮೆಯೇ? "ಸೊಕ್ಕು ಅದು, ಎರಡು ದಿನಕ್ಕ ಇಳೀತೈತಿ" ಎಂದು ನನ್ನೆದುರೇ ಅಂದವಳು ಅವಳು.

ಇಪ್ಪತ್ತನೆಯ ದಿನವೇನೋ, ಬಚ್ಚಲಲ್ಲಿ ಬಿಸಿನೀರು ಹಾಕುತ್ತಿದ್ದಾಗ ಪಂಪಾವತಿ ಕೇಳಿದಳಂತೆ, "ಅಮ್ಮಾ, ಹೊರಗ ಈಗ ಹಗಲೈತೋ ರಾತ್ರಿ ಐತೋ?" ಕುಬ್ರಾಬಿಯ ಕೈಯ ಚೊಂಬು ನಿಂತಿತು. ಆಗ ಬೆಳಿಗ್ಗೆ ಹತ್ತು ಗಂಟೆ. ಬಚ್ಚಲ ಮೇಲಿನ ಸಣ್ಣ ಗವಾಕ್ಷಿಯಿಂದ ಅಂಗೈಯಗಲ ಬಿಸಿಲು ನೆಲಕ್ಕೆ ಬಿದ್ದಿತ್ತು. ಅದು ಆಗಷ್ಟೇ ಕಣ್ಣಿಗೆ ಬಿದ್ದು ಹುಡುಗಿ ಮೆಲ್ಲಗೆ ಕಾಲು ಚಾಚಿ ಪಾದವನ್ನು ಅದರೊಳಗಿಟ್ಟಳು. ಅದು ಸರಿದಂತೆಲ್ಲ ತಾನೂ ಪಾದ ಸರಿಸಿದಳು. ನೆಲ್ಲಿನ ಕಣದಲ್ಲಿ ಬರಿಗಾಲಲ್ಲಿ ಬೆಳೆದ ಕೂಸು ಅದು. ಇದನ್ನು ನನಗೆ ಹೇಳುವಾಗ ಕುಬ್ರಾಬಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ಮರುದಿನ ಕೊಟ್ರಮ್ಮ ಪೂಜೆಗೆಂದು ಹೋದದ್ದೇ ತಡ, ಕುಬ್ರಾಬಿ ಕೂಸನ್ನು ಬಗಲಿಗೆ ಹಾಕಿಕೊಂಡು, ಬಾಣಂತಿಯ ಕೈಹಿಡಿದು ಮಾಳಿಗೆ ಹತ್ತಿಸಿದಳು. ಮೊದಲು ನೆಲದ ಕೆಂಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ನೀರಿನ ಟ್ಯಾಂಕಿನ ಮರೆಯಲ್ಲಿ ಗಾಳಿ ಬಾರದ ಕಡೆ ಚಾಪೆ ಹಾಸಿ ಬಿಸಿಲಿಗೆ ಬೆನ್ನು ಕೊಟ್ಟು ಕೂಡಿಸಿದಳು. ಕಿವಿಯ ಹತ್ತಿಯನ್ನೂ ತೆಗೆದಳು. ಹೀಗೆ ಐದು ದಿನ ಕದ್ದು ನಡೆಯಿತು, ಒಂದೊಂದು ದಿನ ಒಂದೊಂದು ನೆಪ. ಮೂರನೆಯ ದಿನ ಹುಡುಗಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಬೇಕೆಂದಳು. ಐದನೆಯ ದಿನ ತಾನೇ ಕೈಚಾಚಿ ಕೂಸನ್ನು ತೊಡೆಗೆ ತೆಗೆದುಕೊಂಡಳು. "ಅವ್ವನ ಹತ್ರ ಹೋಗ್ತೀನಮ್ಮಾ. ಇಲ್ಲಿದ್ರ ನಾ ಉಳಿಯಂಗಿಲ್ಲ" ಎಂದಳು.

ಅದನ್ನು ಕೇಳಿದ್ದು ಕುಬ್ರಾಬಿ ಒಬ್ಬಳೇ ಅಲ್ಲ. ಮಾಳಿಗೆಯ ಬಾಗಿಲಲ್ಲಿ ಕೊಟ್ರಮ್ಮ ನಿಂತಿದ್ದಳು.

"ಏನ್ ಕುಬ್ರಾಬಿ ಇದು? ಬಾಣಂತಿನ ಗಾಳಿಗೆ ಕೂಡಿಸ್ತಾರೇನು? ಗಾಳಿ ತಾಗಿದ್ರ ಸನ್ನಿ ಹಿಡಿತೈತಿ ಅಂತ ಊರಿಗೆಲ್ಲ ಹೇಳಿದಾಕಿ ನೀನ ಅಲ್ಲೇನು?"

"ಹೌದವ್ವಾ, ನಾನ ಹೇಳಿದ್ದು," ಎಂದಳು ಕುಬ್ರಾಬಿ. "ತಪ್ಪು ಹೇಳಿದೆ."

ಈ ಮಾತು ಅವಳ ಬಾಯಿಂದ ಬಂತೆಂದರೆ ನಾನು ನಂಬುತ್ತಿರಲಿಲ್ಲ. ಆದರೆ ಅಲ್ಲೇ ಇದ್ದ ಪಂಪಾವತಿಯೂ ಆಮೇಲೆ ನನಗೆ ಹಾಗೇ ಹೇಳಿದಳು. ನಲವತ್ತು ವರ್ಷ ಇದೇ ಮಾತಿನ ಮೇಲೆ ಬದುಕಿದವಳು ಅದನ್ನು ನುಂಗುವುದು ಸಣ್ಣದಲ್ಲ. ನಾಳೆ ಯಾರು ಕರೆಯುತ್ತಾರೆ ಅವಳನ್ನು?

"ತಪ್ಪಂತ ತಪ್ಪು! ನಿನ್ನ ಮಾತು ಕೇಳಿ ನಾವು ಹಡದಿಲ್ಲೇನು? ನಾವು ಚಂದ ಇಲ್ಲೇನು?"

"ನೀ ಚಂದ ಇದ್ದಿಲ್ಲ ಕೊಟ್ರಮ್ಮಾ. ರಾಮಾಂಜಿನಿ ಹುಟ್ಟಿದ್ದೂ ಇಂಥಾ ಚಳ್ಯಾಗ. ಕದ ತೆಗಿ, ಕದ ತೆಗಿ ಅಂತ ತಿಂಗಳಗಟ್ಲೆ ಅತ್ತಿ. ಕೂಸಿನ ಮಾರಿ ನೋಡಲಿಲ್ಲ ನೀನೂ. ನಾ ಎಲ್ಲಾ ಮರತೀನಿ ಅಂತ ಮಾಡೀಯೇನು?"

ಕೊಟ್ರಮ್ಮನ ಮುಖದ ಮೇಲಿನ ಮೂರಂತಸ್ತೂ ಕುಸಿಯಿತು. ಸೊಸೆಯನ್ನು ನೋಡಿದಳು, ಮೊಮ್ಮಗನನ್ನು ನೋಡಿದಳು. ಕೆಳಗಿಳಿದು ಹೋಗಿ ಡ್ರೈವರನನ್ನು ಕರೆದಳು. ಡಾಕ್ಟರಮ್ಮನಿಗೆ ಫೋನು ಹಚ್ಚಿ ಔಷಧಿ ಕೇಳಿಕೊಂಡಳು, ಸೊಸೆಯ ಸೀರೆಗಳನ್ನು ತಾನೇ ಮಡಚಿ ಚೀಲಕ್ಕೆ ತುಂಬಿದಳು. ಮಧ್ಯಾಹ್ನಕ್ಕೆ ತಾಯಿ ಮಗು ಸಿರುಗುಪ್ಪದ ದಾರಿ ಹಿಡಿದರು.

ಕಾರು ತಿರುವು ದಾಟಿದ ಮೇಲೆ ಕುಬ್ರಾಬಿ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಗೇಟಿನ ಹತ್ತಿರ ಕೊಟ್ರಮ್ಮ ಅವಳ ರಟ್ಟೆ ಹಿಡಿದಳಂತೆ. ಜಗಳದ ದನಿಯಲ್ಲಿ ಅಲ್ಲ, ಹಳೇ ಓಣಿಯ ಹುಡುಗಿಯ ದನಿಯಲ್ಲಿ ಕೇಳಿದಳಂತೆ:

"ಅಷ್ಟು ಅಳೋದು ನೋಡಿದಾಕಿ, ಆವಾಗ ನನಗ್ಯಾಕ ಕದ ತೆಗಿಲಿಲ್ಲ ನೀನು?"

ಕುಬ್ರಾಬಿ ಮೆಟ್ಟಿದ್ದ ಚಪ್ಪಲಿ ಕಳಚಿ, ಗೇಟಿನ ಪಕ್ಕದ ಬಿಸಿಲಿನಲ್ಲಿ ಅವಳನ್ನು ಕೂಡಿಸಿಕೊಂಡು ತಾನೂ ಕೂತಳಂತೆ.