ಗೊಲ್ಲಾಳಮ್ಮನ ಮನೆಯ ಕಡೆಯ ತಾಟು

ಶಹಾಪುರದ ಗುಡ್ಡದ ಕೆಳಗಿನ ನಮ್ಮ ಓಣಿಯಲ್ಲಿ ಅಡುಗೆಯ ವಿಷಯಕ್ಕೆ ತಲೆ ಎತ್ತಿ ಮಾತಾಡುವ ಹಕ್ಕಿರುವುದು ಗೊಲ್ಲಾಳಮ್ಮನಿಗೆ ಮಾತ್ರ. ಉಳಿದವರೆಲ್ಲ, ನನ್ನನ್ನೂ ಸೇರಿಸಿ, ಏನೋ ಬೇಯಿಸಿ ಹಾಕುವವರು. ನಾನು ಯಶೋಧರಾ, ಪಕ್ಕದ ಮನೆಯವಳು, ಶಾಲೆಯಲ್ಲಿ ಟೀಚರ್. ನಮ್ಮಿಬ್ಬರ ಹಿತ್ತಲಿಗೆ ನಡುವೆ ಎದೆಮಟ್ಟದ ಒಂದೇ ಗೋಡೆ. ಆ ಗೋಡೆಯ ಮೇಲಿಂದ ನನ್ನ ಮರ್ಯಾದೆ ಹೋಗದ ವಾರವಿಲ್ಲ.

"ಏನ್ರಿ ಟೀಚರ್, ಪಲ್ಯಾ ಹೆಚ್ಚಿದ ಮ್ಯಾಲ ತೊಳ್ಯಾಕತ್ತೀರಿ? ಅದರಾಗಿನ ಸತ್ವ ಎಲ್ಲಾ ಬಚ್ಚಲಕ್ಕ ಹೋತಲ್ರಿ!"

ಸಿಟ್ಟು ಬರುತ್ತದೆ. ಆದರೆ ಆಕೆ ಹೇಳುವುದು ಸರಿಯಾಗಿರುತ್ತದೆ, ಅದಕ್ಕೇ ಇನ್ನೂ ಸಿಟ್ಟು ಬರುತ್ತದೆ.

ಗೊಲ್ಲಾಳಮ್ಮನ ಅಡುಗೆಮನೆಯಲ್ಲಿ ಕುಡಿಯುವ ನೀರಿನ ಕೊಡದೊಳಗೆ ಯಾರೂ ಕೈ ಅದ್ದುವಂತಿಲ್ಲ, ಹಿಡಿಕೆಯ ಲೋಟದಿಂದಲೇ ತೆಗೆಯಬೇಕು. ಒಮ್ಮೆ ಕರಿದ ಎಣ್ಣೆಯಲ್ಲಿ ಮತ್ತೆ ಕರಿಯುವಂತಿಲ್ಲ. ಬೂಸಲು ಹಿಡಿದ ಶೇಂಗಾ ಒಂದೆರಡು ಕಂಡರೂ ಸಾಕು, ಇಡೀ ಮೊರವನ್ನು ಬಿಸಿಲಿಗೆ ಸುರಿದು ಒಂದೊಂದೇ ಕಾಳು ಆರಿಸುತ್ತಾಳೆ. ಎಲ್ಲಕ್ಕಿಂತ ದೊಡ್ಡ ಕಟ್ಟಳೆಯೆಂದರೆ ಆ ಮನೆಯಲ್ಲಿ ತಂಗಳು ಇರಕೂಡದು. ಯಾವುದೋ ಬೇಸಿಗೆಯಲ್ಲಿ ಹಿಂದಿನ ರಾತ್ರಿಯ ಬೇಳೆ ಉಂಡು ಆಕೆಯ ಗಂಡ ಮಲ್ಲಣ್ಣ ವಾಂತಿಭೇದಿಯಾಗಿ ನೆಲ ಹಿಡಿದಿದ್ದನಂತೆ. ನಮ್ಮ ಕಡೆಯ ಬಿಸಿಲಿಗೆ ಬೇಳೆ ಸಂಜೆಯೊಳಗೇ ನೊರೆ ಬಿಡುತ್ತದೆ, ಇನ್ನು ಬೆಳಗಿನ ಮಾತೇನು. ಅಂದಿನಿಂದ ಗೊಲ್ಲಾಳಮ್ಮ ಹಿಟ್ಟು, ಬೇಳೆ, ಪಲ್ಯ ಎಲ್ಲವನ್ನೂ ಕೈಯಳತೆಯಲ್ಲಿ ಹಿಡಿದು ಮಾಡುತ್ತಾಳೆ. ಊಟ ಮುಗಿದ ಮೇಲೆ ಬೋಗುಣಿಯ ತಳ ಕಾಣಬೇಕು. ಕಂಡರೆ ಆಕೆಯ ಮುಖ ಅರಳುತ್ತದೆ.

"ನಮ್ಮನ್ಯಾಗ ಒಂದು ತುತ್ತು ಉಳ್ಯಂಗಿಲ್ಲ, ಒಂದು ತುತ್ತು ಕೆಡಂಗಿಲ್ಲ" ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬರುತ್ತಾಳೆ.

ಮಲ್ಲಣ್ಣನದು ಬಸ್‌ಸ್ಟ್ಯಾಂಡಿನ ಹತ್ತಿರ ಕಿರಾಣಿ ಅಂಗಡಿ. ಮಗ ಬಸು ಕೂಡ ಅಲ್ಲೇ. ಮಧ್ಯಾಹ್ನ ಅಪ್ಪ ಮಗ ಬಂದು ಮೊದಲು ಉಣ್ಣುತ್ತಾರೆ, ಬಡಿಸುವವಳು ಸೊಸೆ ಸೌಭಾಗ್ಯ. ಅವರು ಎದ್ದ ಮೇಲೆ ಗೊಲ್ಲಾಳಮ್ಮ ಉಂಡು, ಪಡಸಾಲೆಯಲ್ಲಿ ಸ್ವಲ್ಪ ಅಡ್ಡಾಗುತ್ತಾಳೆ. ಕಡೆಗೆ ಸೌಭಾಗ್ಯಳ ಊಟ. ಇದನ್ನು ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಎಲ್ಲರ ಮನೆಯಲ್ಲೂ ಹೀಗೇ ಇತ್ತು, ಈಕೆಯ ಮನೆಯಲ್ಲೂ ಹೀಗೇ ಇತ್ತು.

ಸೌಭಾಗ್ಯ ಬಸುರಿಯಾದಾಗ ಓಣಿಯವರೆಲ್ಲ, ಪುಣ್ಯ ಮಾಡಿದ್ದಾಳೆ, ಗೊಲ್ಲಾಳಮ್ಮನ ಕೈ ಊಟ ಸಿಗುತ್ತದೆ ಅಂದರು. ನಾನೂ ಹಾಗೇ ಅಂದುಕೊಂಡೆ. ಆದರೆ ಹುಡುಗಿ ದಿನದಿಂದ ದಿನಕ್ಕೆ ಬಿಳಿಚಿಕೊಳ್ಳುತ್ತಾ ಹೋದಳು. ಬಟ್ಟೆ ಒಣಹಾಕಲು ಹಿತ್ತಲಿಗೆ ಬಂದರೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ನಮ್ಮ ಓಣಿಯ ಆಶಾ ಕಾರ್ಯಕರ್ತೆ ಪಂಚಶೀಲಾ ಆಕೆಯನ್ನು ದವಾಖಾನೆಗೆ ಕರೆದುಕೊಂಡು ಹೋಗಿ ರಕ್ತ ತೋರಿಸಿಕೊಂಡು ಬಂದಳು.

"ಅವ್ವಾರ, ಸೌಭಾಗ್ಯಕ್ಕನ ಮೈಯಾಗ ರಕ್ತ ಭಾಳ ಕಮ್ಮಿ ಅದರಿ. ಹಿಂಗೇ ಇದ್ರ ಹೆರಿಗಿ ಟೈಮಿಗೆ ತಾಯಿ ಜೀವಕ್ಕೂ ತ್ರಾಸ, ಕೂಸಿಗೂ ತ್ರಾಸ. ಇಲ್ಲಿ ಇಟ್ಟುಕೊಳ್ಳಂಗಿಲ್ಲ, ಕಲಬುರ್ಗಿಗೆ ಕಳಸ್ತಾರ. ಗುಳಿಗಿ ಕೊಟ್ಟಾರ. ಚಾದ ಜೊತಿಗಿ ಮಾತ್ರ ನುಂಗಬಾರದರಿ, ಮೈಗಿ ಹತ್ತಂಗಿಲ್ಲ. ನಿಂಬಿಹಣ್ಣಿನ ನೀರಿನ್ಯಾಗ ಕೊಡ್ರಿ. ಹೊಟ್ಟಿತುಂಬ ಊಟ ಹಾಕ್ರಿ."

ಕಡೆಯ ಮಾತು ಗೊಲ್ಲಾಳಮ್ಮನಿಗೆ ಬಾಗಿಲಿಗೆ ಬಂದು ಬೈದಂತೆ ಕೇಳಿಸಿತು. "ನನ್ನ ಮನ್ಯಾಗ ಉಣ್ಣಾಕ ಏನು ಕಮ್ಮಿ ಆಗ್ಯದವ್ವ?" ಎಂದು ಪಂಚಶೀಲಾಳನ್ನು ಗದರಿಸಿಬಿಟ್ಟಳು. ಆಕೆ ಹೋದ ಮೇಲೆ ಒಬ್ಬಳೇ ಹಿತ್ತಲಲ್ಲಿ ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ನಾನು ಗೋಡೆಯಾಚೆಯಿಂದ ನೋಡಿದೆ.

ಮರುದಿನದಿಂದ ಒಲೆಗೆ ಪುರುಸೊತ್ತಿಲ್ಲ. ಒಂದು ದಿನ ನುಗ್ಗೆಸೊಪ್ಪಿನ ಪಲ್ಯ, ಒಂದು ದಿನ ಮೊಳಕೆ ಬರಿಸಿದ ಹೆಸರುಕಾಳು, ಇನ್ನೊಂದು ದಿನ ಪುಂಡಿಪಲ್ಯ. ಜೊತೆಗೆ ಎಳ್ಳು ಬೆಲ್ಲದ ಉಂಡಿ. ನಾರಾಯಣಪುರದ ಕಾಲುವೆ ನೀರು ಬಂದ ಮೇಲೆ ನಮ್ಮ ಮನೆಗಳಲ್ಲೆಲ್ಲ ಅನ್ನದ ಪಾಲು ಹೆಚ್ಚಾಗಿದೆ, ಗೊಲ್ಲಾಳಮ್ಮ ಮಾತ್ರ ಜೋಳದ ರೊಟ್ಟಿ ಬಿಟ್ಟು ಕದಲಲಿಲ್ಲ. ವಾಸನೆ ಗೋಡೆ ದಾಟಿ ಬಂದು ನನ್ನ ಸಪ್ಪೆ ಸಾರನ್ನು ಅಣಕಿಸುತ್ತಿತ್ತು. ಮಲ್ಲಣ್ಣನ ಹೊಟ್ಟೆ ಅಂಗಿಯ ಗುಂಡಿ ಕೇಳದಷ್ಟಾಯಿತು. ಬಸುವಿನ ಗಲ್ಲ ತುಂಬಿದವು.

ಮುಂದಿನ ಸಲ ತೋರಿಸಿದಾಗ ಸೌಭಾಗ್ಯಳ ರಕ್ತ ಮೊದಲಿಗಿಂತ ಇನ್ನಷ್ಟು ಇಳಿದಿತ್ತು.

ಗೊಲ್ಲಾಳಮ್ಮನಿಗೆ ಅಂಜಿಕೆ ಹೊಕ್ಕಿತು. ಅಂಜಿಕೆಯೆಲ್ಲ ಸೊಸೆಯ ಮೇಲೆ ಸಿಟ್ಟಾಗಿ ಬಂತು. "ಗುಳಿಗಿ ನುಂಗಾಕತ್ತೀಯೋ, ಒಲಿಗಿ ಒಗ್ಯಾಕತ್ತೀಯೋ?" ಎಂದು ಕೂಗಿದಳು. ಸೌಭಾಗ್ಯ ತಲೆ ತಗ್ಗಿಸಿ, "ನುಂಗಾಕತ್ತೇನ್ರಿ ಅತ್ತಿ" ಅಂದಳು. ನನಗೂ ಆ ಹುಡುಗಿಯ ಮೇಲೆ ಸಂಶಯ ಬಂತು. ವಾಕರಿಕೆ ಬಂದು ಉಗುಳುತ್ತಾಳೇನೋ ಅಂದುಕೊಂಡೆ.

ಒಂದು ಭಾನುವಾರ ಮಲ್ಲಣ್ಣ ಮೊದಲು ತಿಳಿಸದೆ ಸುರಪುರದಿಂದ ಬಂದ ನೆಂಟರನ್ನು ಊಟಕ್ಕೆ ಕರೆದುಕೊಂಡು ಬಂದ. ಗೊಲ್ಲಾಳಮ್ಮ ಗಡಿಬಿಡಿ ಮಾಡಲಿಲ್ಲ. ನನ್ನಿಂದ ಒಂದಿಷ್ಟು ಮೊಸರು ಇಸಿದುಕೊಂಡು ಮಜ್ಜಿಗೆ ಮಾಡಿದಳು, ಇದ್ದದ್ದನ್ನೇ ಎಲ್ಲರಿಗೂ ಸರಿದೂಗಿಸಿ ಬಡಿಸಿದಳು. ನೆಂಟರು ಬೆರಳು ನೆಕ್ಕಿ, ತೇಗಿ, ಕೈ ಮುಗಿದು ಹೋದರು. ನಾನು ಮೊಸರಿನ ಪಾತ್ರೆ ಒಯ್ಯಲು ಹಿತ್ತಲ ಬಾಗಿಲಿಂದ ಹೋದೆ. ಅಡ್ಡಾಗಿದ್ದ ಗೊಲ್ಲಾಳಮ್ಮ ನನ್ನ ದನಿ ಕೇಳಿ ಪಾತ್ರೆ ಕೊಡಲು ಎದ್ದು ಬಂದಳು.

ಅಡುಗೆಮನೆಯಲ್ಲಿ ಸೌಭಾಗ್ಯ ನಮಗೆ ಬೆನ್ನು ಮಾಡಿ ಕೂತಿದ್ದಳು. ಪಲ್ಯದ ಬೋಗುಣಿಗೆ ಸ್ವಲ್ಪ ನೀರು ಹಾಕಿ, ಬದಿಗೆ ಅಂಟಿದ್ದನ್ನು ರೊಟ್ಟಿಯ ತುಂಡಿನಿಂದ ಬಳಿದು ಬಳಿದು ತಿನ್ನುತ್ತಿದ್ದಳು. ತಾಟಿನಲ್ಲಿ ಒಣಖಾರ, ಉಪ್ಪು. ರೊಟ್ಟಿಯ ಬುಟ್ಟಿಯಲ್ಲಿ ಬಟ್ಟೆ ಬಿಟ್ಟರೆ ಏನೂ ಇರಲಿಲ್ಲ.

ಗೊಲ್ಲಾಳಮ್ಮ ಬಾಗಿಲಲ್ಲೇ ನಿಂತಳು.

"ಇದೇನು? ನಿಂದೂ ಹಿಡದೇ ಮಾಡಿದ್ನಲ್ಲ. ನಿನ್ನ ಪಾಲ ಎಲ್ಲಿಗಿ ಹೋತು?"

"ಮಂದಿ ಬಂದಿದ್ರಲ್ರಿ ಅತ್ತಿ. ಸಾಕಾತ್ರಿ ನನಗ."

"ಮಂದಿ ಇವತ್ತು ಬಂದಾರ. ನಿನ್ನಿ?"

ಸೌಭಾಗ್ಯ ಬೋಗುಣಿಯನ್ನು ಸೆರಗಿನ ಮರೆಗೆ ಸರಿಸಿದಳು. ಗೊಲ್ಲಾಳಮ್ಮ ಬಿಡಲಿಲ್ಲ, ಮತ್ತೆ ಕೇಳಿದಳು. ಆಗ ಆ ಹುಡುಗಿ ಬಹಳ ಮೆಲ್ಲಗೆ ಹೇಳಿದಳು:

"ನೀವು ಪಲ್ಯಾ ಚಲೋ ಮಾಡಿದ ದಿನ ಮಾವಾರು, ಇವರು ಎರಡೆರಡು ಸಲ ಹಾಕಿಸ್ಕೋತಾರ್ರಿ. ರುಚಿ ಆದ ದಿನ ಏನೂ ಉಳ್ಯಂಗಿಲ್ಲರಿ ಅತ್ತಿ."

ಗೊಲ್ಲಾಳಮ್ಮ ನೆಲದ ಮೇಲೆ ಕೂತಳು. ಬೋಗುಣಿಯನ್ನು ಹತ್ತಿರ ಎಳೆದುಕೊಂಡು ಒಳಗೆ ನೋಡಿದಳು. ಅದರ ತಳ ಕನ್ನಡಿಯಂತೆ ಹೊಳೆಯುತ್ತಿತ್ತು. ನುಗ್ಗೆಸೊಪ್ಪು, ಹೆಸರುಕಾಳು ಎಲ್ಲ ಹೋದದ್ದು ಎಲ್ಲಿಗೆ ಎಂದು ನನಗೂ ಆಗ ತಿಳಿಯಿತು. ಮಲ್ಲಣ್ಣನ ಅಂಗಿಯ ಗುಂಡಿ ನೆನಪಾಗಿ ಮೈ ಉರಿದುಹೋಯಿತು.

"ನನ್ನ ಮುಂದ ಒಂದು ಮಾತು ಹೇಳಬಾರದೇನ?"

"ನನಗಿಷ್ಟು ಉಳಸ್ರಿ ಅಂತ ಹ್ಯಾಂಗ ಹೇಳಲ್ರಿ?"

ಗೊಲ್ಲಾಳಮ್ಮ ಎದ್ದು ಹಿಟ್ಟು ತೆಗೆದು, ನೀರು ಕಾಯಲಿಟ್ಟು, ಆ ಹೊತ್ತಿನಲ್ಲಿ ಮತ್ತೆ ರೊಟ್ಟಿ ಬಡಿದಳು. ಆ ಮನೆಯಲ್ಲಿ ಊಟ ಮುಗಿದ ಮೇಲೆ ಒಲೆ ಹೊತ್ತಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಅಂದಿನಿಂದ ಗಂಡಸರು ಬರುವ ಮೊದಲೇ ಸೌಭಾಗ್ಯಳ ಊಟವಾಗತೊಡಗಿತು. ಮಾವನಿಗಿಂತ ಮೊದಲು ಉಣ್ಣುವುದಕ್ಕೆ ಅವಳಿಗೆ ಸಂಕೋಚ. ಬಡಿಸಿ ಮುಚ್ಚಿಟ್ಟರೆ ಗಂಡ ಬಂದ ಮೇಲೆ ಅವನಿಗೇ ಹಾಕಿಬಿಡುತ್ತಾಳೆಂದು ಗೊಲ್ಲಾಳಮ್ಮ ಎದುರಿಗೇ ಕೂತು, ತಾಟು ಖಾಲಿಯಾಗುವವರೆಗೆ ಏಳುತ್ತಿರಲಿಲ್ಲ. ನಿಂಬೆನೀರಿನ ಜೊತೆ ಗುಳಿಗೆ, ಚಹಾ ಬಹಳ ಹೊತ್ತಿನ ಮೇಲೆ. ಮಲ್ಲಣ್ಣ ಒಮ್ಮೆ ಗೊಣಗಿದ: "ಏನಿದು ಹೊಸಾ ಪದ್ಧತಿ, ಹಿರ್ಯಾರಕಿಂತ ಮೊದಲ?"

"ನಿಮ್ಮ ಮೊಮ್ಮಗ ಉಣ್ಣಾಕತ್ಯಾನ. ನಿಮಗೇನು ತ್ರಾಸ?" ಅಂದಳು ಗೊಲ್ಲಾಳಮ್ಮ.

ಇನ್ನೂ ಹುಟ್ಟದವನ ಹೆಸರು ಹೇಳಬೇಕಾಯಿತಲ್ಲ ಎಂದು ನನಗೆ ರೇಗಿತು. ಎದುರಿಗೆ ಕೂತ ಹುಡುಗಿಯ ಹಸಿವು ಸಾಲದೇನು? ಆದರೆ ಯಾರ ಹೆಸರಿನಲ್ಲಿಯಾದರೂ ಊಟ ಹೊಟ್ಟೆಗೆ ಹೋಗುತ್ತಿತ್ತಲ್ಲ. ಈಗ ಗೊಲ್ಲಾಳಮ್ಮ ಅಳತೆಯಲ್ಲಿ ಒಂದು ಹಿಡಿ ಹೆಚ್ಚೇ ಹಾಕುತ್ತಾಳೆ. ಉಳಿದರೆ ಬಿಸಿಯಿದ್ದಾಗಲೇ ಗೋಡೆ ದಾಟಿ ನನ್ನ ಮನೆಗೆ ಬರುತ್ತದೆ. ಈ ಏರ್ಪಾಡಿನ ಬಗ್ಗೆ ನನ್ನ ತಕರಾರೇನೂ ಇಲ್ಲ.

ರಕ್ತ ನಿಧಾನವಾಗಿ ಏರಿತು. ಬಸುರಿಗೆ ಕುಬುಸ ಮಾಡುವ ಹೊತ್ತಿಗೆ ಸೌಭಾಗ್ಯಳ ತುಟಿಗೆ ಬಣ್ಣ ಬಂದಿತ್ತು. "ಇನ್ನ ಕಲಬುರ್ಗಿ ಮಾತು ಬ್ಯಾಡ್ರಿ, ತವರ ಕಡಿ ದವಾಖಾನ್ಯಾಗೇ ಆಗ್ತದ" ಎಂದು ಪಂಚಶೀಲಾ ನಗುತ್ತಾ ಹೇಳಿದಾಗ, ಗೊಲ್ಲಾಳಮ್ಮ ಆಕೆಯ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಹೆರಿಗೆಗೆ ಸೌಭಾಗ್ಯ ತವರಿಗೆ, ಮುದನಾಳಕ್ಕೆ ಹೊರಟ ದಿನ ನಾನೂ ಅಲ್ಲಿದ್ದೆ. ಸಂಜೆ ಅಣ್ಣ ಕರೆಯಲು ಬರುವವನಿದ್ದ. ಮಧ್ಯಾಹ್ನ ತನ್ನ ಊಟ ಮುಗಿಸಿದವಳೇ ಅತ್ತೆಯನ್ನು ಹಂಚಿನ ಮುಂದಿನಿಂದ ಎಬ್ಬಿಸಿದಳು.

"ಏಳ್ರಿ ಅತ್ತಿ, ನಾ ಬಡೀತೀನಿ. ನೀವು ಅಲ್ಲಿ ಕೂಡ್ರಿ, ಉಣ್ರಿ."

"ಹುಚ್ಚಿ, ಈ ಹೊಟ್ಟಿ ಹೊತ್ತು ಒಲಿ ಮುಂದ ಕೂಡ್ತೀಯಾ? ಅವರು ಇನ್ನೂ ಬಂದಿಲ್ಲ, ನಾ ಹ್ಯಾಂಗ ಉಣ್ಣಲಿ?"

"ನಾಳಿಂದ ನಾ ಇರಂಗಿಲ್ಲ. ಕಡೀಕ ಉಣ್ಣಾಕಿ ಯಾರ್ರಿ ಇನ್ನ? ನೀವ. ನಿಮ್ಮ ತಾಟಿನ್ಯಾಗ ಏನದ ಅಂತ ಯಾರು ನೋಡ್ತಾರ?"

ಗೊಲ್ಲಾಳಮ್ಮ ಬಡಿಯುತ್ತಿದ್ದ ರೊಟ್ಟಿಯನ್ನು ಸೊಸೆಯ ಕೈಗೆ ಬಿಟ್ಟಳು. ಹಾಗೆ ಆದದ್ದನ್ನೂ ನಾನು ಅದೇ ಮೊದಲು ನೋಡಿದ್ದು. ಹೋಗಿ ತಾಟಿನ ಮುಂದೆ ಕೂತಳು. ಸೌಭಾಗ್ಯ ಹಂಚಿನಿಂದ ಉಬ್ಬಿದ ರೊಟ್ಟಿಯನ್ನು ನೇರವಾಗಿ ಆ ತಾಟಿಗೆ ಹಾಕಿ, ಮೇಲೆ ಬೆಣ್ಣೆ ಇಟ್ಟಳು. ಗೊಲ್ಲಾಳಮ್ಮ ಮುರಿದಳು, ಬೆರಳು ಸುಟ್ಟುಕೊಂಡಳು, ಊದಿದಳು, ಬಾಯಿಗಿಟ್ಟಳು. ಆಮೇಲೆ ತಲೆ ತಗ್ಗಿಸಿಕೊಂಡೇ ಹೇಳಿದಳು:

"ನಮ್ಮವ್ವ ಹಿಂಗ ಹಾಕತಿದ್ಳು. ಮದಿವಿ ಆದಮ್ಯಾಲ ಬಿಸಿ ರೊಟ್ಟಿ ತಿಂದೇ ಇಲ್ಲ ನೋಡವ್ವ ನಾ."

ನನಗೆ ಅಳು ಬಂತು. ಊರಿಗೆಲ್ಲ ಅಡುಗೆ ಕಲಿಸಿದ ಹೆಂಗಸು.

ಅಷ್ಟರಲ್ಲಿ ಹೊರಗೆ ಚಪ್ಪಲಿಯ ಸಪ್ಪಳವಾಯಿತು. ಮಲ್ಲಣ್ಣ ಬಾಗಿಲಿಗೆ ಬಂದು, "ಊಟಕ್ಕ ಹಾಕ್ತೀಯೇನು?" ಅಂದ. ಗೊಲ್ಲಾಳಮ್ಮ ನೆಲಕ್ಕೆ ಕೈಯೂರಿ ಅರ್ಧ ಎದ್ದಳು. ಸೌಭಾಗ್ಯ ಬಡಿಯುವ ಕೈ ನಿಲ್ಲಿಸಿ ಅತ್ತೆಯನ್ನೇ ನೋಡಿದಳು. ಗೊಲ್ಲಾಳಮ್ಮ ಮತ್ತೆ ಕೂತಳು.

"ಕೈಕಾಲು ತೊಳಕೊಂಡು ಕೂಡ್ರಿ" ಅಂದಳು. "ನಾ ಉಣ್ಣಾಕತ್ತೇನಿ."

ಮಲ್ಲಣ್ಣ ಇದಕ್ಕೆಲ್ಲ ನಾನೇ ಕಾರಣ ಎಂಬಂತೆ ನನ್ನನ್ನು ಒಮ್ಮೆ ನೋಡಿದ. ಆಮೇಲೆ ಬಚ್ಚಲ ಕಡೆ ಹೋದ. ಗೊಲ್ಲಾಳಮ್ಮ ಖಾಲಿ ತಾಟನ್ನು ಸೊಸೆಯ ಕಡೆ ಸರಿಸಿ, "ಇನ್ನೊಂದು ಹಾಕು" ಅಂದಳು.