ಸೊಟ್ಟ ಹಲ್ಲಿನ ನಗು

"ಗಾಜಿನ ಭರಣಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ. ಒಂದರ ತೊಟ್ಟೂ ಮುರಿದಿಲ್ಲ. ಮಿಡಿ ಮುಳುಗುವಷ್ಟು ಕೆಂಪು ರಸ ಇದೆ."

ಮೊಬೈಲ್ ಹೀಗೆ ಓದಿದ್ದೇ ತಡ, ನನ್ನ ಬಾಯಲ್ಲಿ ನೀರೂರಿತು. ನನಗೆ ಕಣ್ಣು ಕಾಣುವುದಿಲ್ಲ. ಮೊಬೈಲ್ ಗಟ್ಟಿಯಾಗಿ ಓದುವುದನ್ನು ಕೇಳಿಯೇ ವೆಬ್‌ಸೈಟ್ ನೋಡುವವನು. ಫೋಟೊ ಬಂದಲ್ಲೆಲ್ಲ ಅದು "ಚಿತ್ರ" ಎಂದಷ್ಟೇ ಹೇಳಿ ಮುಂದೆ ಹೋಗುವುದನ್ನು ಕೇಳಿ ಕೇಳಿ ರೇಗಿಹೋಗಿತ್ತು. ತೊಟ್ಟು ಮುರಿದ ಮಾವಿನಮಿಡಿ ಬೇಗ ಮೆತ್ತಗಾಗುತ್ತದೆಂದು ನಮ್ಮ ಕಡೆ ಎಲ್ಲರೂ ಮೊದಲು ನೋಡುವುದು ಅದನ್ನೇ. ನಾನು ಮಾತ್ರ ಪ್ರತಿ ಸಲ ಇನ್ನೊಬ್ಬರನ್ನು ಕೇಳಬೇಕಿತ್ತು. ಈ ಸಲ ಫೋಟೊದ ವಿವರ ಕೇಳಿ ನಾನೇ ಆರಿಸಿದೆ.

ಖುಷಿ ತಡೆಯಲಾಗದೆ ಕೊಪ್ಪದಿಂದ ಶೆಟ್ಟಿಕೊಪ್ಪಕ್ಕೆ ಫೋನ್ ಮಾಡಿ, ಆ ಉಪ್ಪಿನಕಾಯಿ ಹಾಕಿ ಮಾರುವ ಹೆಂಗಸಿಗೇ, ಕಣ್ಣು ಕಾಣದ ನನಗೆ ಅವರ ಫೋಟೊದ ವಿವರವನ್ನು ಮೊಬೈಲ್ ಓದಿ ಹೇಳಿತೆಂದು ತಿಳಿಸಿದೆ.

"ನೆಟ್ಟಲ್ಲಿ ಹುಡುಕೋರಿಗೆ ನಮ್ ಉಪ್ಪಿನಕಾಯಿ ಸಿಗ್ಲಿ ಅಂತ ಫೋಟೊ ಜೊತೆ ಅದೆಲ್ಲ ಬರ್ದಿದ್ದು ಮಾರಾಯ್ರೆ. ಅದನ್ನ ಕೇಳೋರೂ ಇದಾರೆ ಅಂತ ನಂಗೆಂತ ಗೊತ್ತಿತ್ತು?"

ಉಪ್ಪಿನಕಾಯಿ ಮನೆಗೆ ಬಂತು. ಊಟ ಮುಗಿಸಿ ಮತ್ತೆ ಆ ಪುಟ ತೆರೆದೆ. ಕೊನೆಯಲ್ಲಿ ಹೊಸದೊಂದು ಫೋಟೊ ಸೇರಿತ್ತು. ಮೊಬೈಲ್ ಓದಿತು: "ಇದು ನಾನು. ಕೈತುಂಬ ಖಾರ ಮೆತ್ತಿಕೊಂಡಿದೆ. ನಗ್ತಾ ಇದೀನಿ, ಮುಂದಿನ ಹಲ್ಲೊಂದು ಸೊಟ್ಟ."

ಉಪ್ಪಿನಕಾಯಿ ಬೇಕಾದವರು ಯಾರೂ ನೆಟ್ಟಿನಲ್ಲಿ ಸೊಟ್ಟ ಹಲ್ಲು ಹುಡುಕುವುದಿಲ್ಲ. ಅದನ್ನು ಅವರು ನನಗೆಂದೇ ಬರೆದಿದ್ದರು.